ಎದುರಿಗೆ ಕೇಳುವವರಿಲ್ಲದ ರಾಪ್

ಉತ್ತರ ಕನ್ನಡ ಜಿಲ್ಲೆಯ ಹುಡುಗರು ಮಾಡುವ ರಾಪ್ ಹಾಡುಗಳಲ್ಲಿ ಉತ್ತರ ಕನ್ನಡವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಬಂದೂಕು ಇದೆ, ಕಪ್ಪು ಗಾಜಿನ ಕಾರು ಇದೆ, ಯಾರೂ ಕಂಡಿರದ ಶತ್ರುಗಳು ಡಜನ್‌ಗಟ್ಟಲೆ ಇದ್ದಾರೆ, ಬೆಂಗಳೂರಿನ ರಾತ್ರಿಗಳಂತೂ ಧಾರಾಳವಾಗಿವೆ. ಹಾಡಿದವನ ಮನೆ ನೋಡಿದರೆ ಅಂಕೋಲೆ ಪೇಟೆಯಿಂದ ಒಳಗೆ, ಗದ್ದೆಯಂಚಿನಲ್ಲಿ. ರಾತ್ರಿ ಒಂಬತ್ತಾದರೆ ಅಲ್ಲಿ ನಾಯಿ ಬೊಗಳುವುದನ್ನು ಬಿಟ್ಟರೆ ಬೇರೆ ಸದ್ದಿಲ್ಲ.

ಇದನ್ನು ನಾನು ಮುಂಬೈಯಲ್ಲಿ ಕೂತು ಹೇಳುತ್ತಿದ್ದೇನೆ. ಊರು ಬಿಟ್ಟವನಿಗೆ ಊರವರ ಹುಳುಕು ಹುಡುಕುವ ಚಪಲ ಹೆಚ್ಚು ಎನ್ನುವವರು ಎನ್ನಲಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿ 1956ರವರೆಗೂ ಮುಂಬೈ ಆಡಳಿತದಲ್ಲೇ ಇದ್ದದ್ದು. ಹೊಟ್ಟೆಪಾಡಿಗೆ ಇಲ್ಲಿಗೆ ಬರುವುದು ನಮ್ಮವರಿಗೆ ಪರದೇಶಕ್ಕೆ ಹೋದಂತಲ್ಲ. ನನ್ನ ಅನ್ನ ಅಂಧೇರಿಯ ಡಬ್ಬಿಂಗ್ ಸ್ಟುಡಿಯೊ ಒಂದರಲ್ಲಿ. ಹಗಲಿಡೀ ಬೇರೆಯವರ ದನಿ ತಿದ್ದುವವನಿಗೆ ಸಂಜೆ ಬೀದಿಯಲ್ಲಿ ಕೇಳುವ ದನಿಯ ಮೇಲೂ ಕಿವಿ ಹೋಗುತ್ತದೆ. ಹಾಗೆ ಈ ಊರಿನ ರಾಪ್ ಹುಡುಗರ ಪರಿಚಯವಾಯಿತು.

ಮುಂಬೈ ಹುಡುಗರ ಕ್ರಮ ಇಷ್ಟೇ. ಸಂಜೆ ಒಂದು ಉದ್ಯಾನದ ಮೂಲೆಯಲ್ಲೋ ಮೇಲ್ಸೇತುವೆಯ ಕೆಳಗೋ ಸೇರುತ್ತಾರೆ. ಒಬ್ಬನ ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ ಬೀಟ್ ಹಾಕುತ್ತಾರೆ. ಅದೂ ಇಲ್ಲದಿದ್ದರೆ ಒಬ್ಬ ಬಾಯಲ್ಲೇ ಬಾರಿಸುತ್ತಾನೆ. ಸುತ್ತ ನಿಂತು ಸರದಿಯ ಮೇಲೆ ಹೇಳುತ್ತಾ ಹೋಗುತ್ತಾರೆ. ಸೈಫರ್ ಎನ್ನುವುದು ಇದಕ್ಕೇ. ಕುರ್ಲಾ ಕಡೆ ಒಮ್ಮೆ ಒಬ್ಬ ಹುಡುಗ, ತಾನು ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುತ್ತೇನೆ, ಜೀವ ಕೈಯಲ್ಲಿ ಹಿಡಿದು ಬದುಕುತ್ತೇನೆ ಎಂದು ಬಹಳ ಬಿರುಸಾಗಿ ಹೇಳಿದ. ಅವನ ಸರದಿ ಮುಗಿಯುವ ಮೊದಲೇ ಪಕ್ಕದವನು, “ನಿನ್ನ ಅಂಗಡಿ ನಿಮ್ಮ ಮನೆಯ ಕೆಳಗೇ ಇದೆಯಲ್ಲೋ” ಎಂದ. ಎಲ್ಲರೂ ನಕ್ಕರು. ಹೇಳಿದವನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು. ಆ ಸಾಲನ್ನು ಅವನು ಮತ್ತೆ ಹೇಳಿರಲಾರ.

ನನ್ನ ಮಟ್ಟಿಗೆ ರಾಪ್‌ನಲ್ಲಿ ಅಸಲಿತನ ಎನ್ನುವುದು ಹುಟ್ಟುವುದು ಇಲ್ಲಿ. ಅದನ್ನು ಹಾಡುವವನ ಎದೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. “ಇದು ಸುಳ್ಳು” ಎನ್ನಬಲ್ಲವನು ಎದುರಿಗೆ ನಿಂತಿದ್ದಾನೋ ಇಲ್ಲವೋ ಎಂಬುದರಲ್ಲಿ ಅದು ಇದೆ. ರಾಪ್‌ಗೆ ತವರಾದ ಹಿಪ್ ಹಾಪ್ ಮೊದಲಿನಿಂದಲೂ ಹೀಗೆಯೇ ಬೆಳೆದದ್ದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ ಒಂದು ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಪಾರ್ಟಿ ಏರ್ಪಡಿಸಿದಳು. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ಹಾಡಿನ ರೆಕಾರ್ಡ್ ತಟ್ಟೆಗಳನ್ನು ತಿರುಗಿಸಿದ. ಅವನ ಜೊತೆ ಮೈಕ್ ಹಿಡಿಯುತ್ತಿದ್ದ ಕೋಕ್ ಲಾ ರಾಕ್ ಮೊದಮೊದಲು ಕೂಗಿ ಹೇಳುತ್ತಿದ್ದದ್ದು ಎದುರಿಗಿದ್ದ ಗೆಳೆಯರ ಹೆಸರುಗಳನ್ನು. ಯಾರ ಮುಂದೆ ಹೇಳುತ್ತಿದ್ದನೋ ಅವರ ಬಗ್ಗೆಯೇ ಹೇಳುತ್ತಿದ್ದ. ಬುರುಡೆ ಬಿಡಲು ಜಾಗವೇ ಇರಲಿಲ್ಲ.

ನಮ್ಮೂರಿನ ಹುಡುಗನ ಕ್ರಮ ಬೇರೆ. ಅವನು ಒಬ್ಬನೇ ಕೋಣೆಯಲ್ಲಿ ಕೂರುತ್ತಾನೆ. ಗೋಡೆಯ ಮಾರ್ದನಿ ತಪ್ಪಿಸಲು ಕಂಬಳಿ ತೂಗುಹಾಕುತ್ತಾನೆ. ಇದು ಜಾಣತನವೇ, ನಾನು ಮೆಚ್ಚುತ್ತೇನೆ. ಅಂತರ್ಜಾಲದಲ್ಲಿ ಸಿಕ್ಕ ಬೀಟ್ ಇಳಿಸಿಕೊಂಡು, ಸಾಲು ಸಾಲಾಗಿ ತುಂಡು ತುಂಡು ಧ್ವನಿಮುದ್ರಿಸಿ, ಜೋಡಿಸಿ, ಮೇಲೇರಿಸಿ ಮಲಗುತ್ತಾನೆ. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಮೆಚ್ಚುಗೆಯ ಹತ್ತಿಪ್ಪತ್ತು ಬೆಂಕಿಯ ಚಿತ್ರಗಳು. ಬೆಂಕಿ ಹಾಕಿದವರಲ್ಲಿ ಅವನ ಮನೆ ನೋಡಿದವರು ಯಾರೂ ಇಲ್ಲ. ಅವನು ಬಂದೂಕು ಹಿಡಿದೆ ಎಂದರೂ ನಂಬುತ್ತಾರೆ, ಆನೆ ಹಿಡಿದೆ ಎಂದರೂ ನಂಬುತ್ತಾರೆ.

ನನ್ನ ಅಕ್ಕನ ಮಗ ಕಾರವಾರದ ಬೈತಖೋಲ ಬಂದರಿನಲ್ಲಿ ಐಸ್ ಪ್ಲಾಂಟ್ ಒಂದರ ಲೆಕ್ಕ ಬರೆಯುತ್ತಾನೆ, ರಾಪ್ ಮಾಡುತ್ತಾನೆ. ಒಂದು ಹಾಡನ್ನು ನನಗೆ ಕಳಿಸಿದ. ಅದರ ಎರಡು ಸಾಲು:

“ಜೂನ್ ಮಳೆಗೆ ಎದೆಯೊಡ್ಡಿ ಟ್ರಾಲರ್ ಬಿಟ್ಟೆ ಕಡಲಿಗೆ,
ಅಲೆಯ ಬಾಯಿಂದ ಅನ್ನ ಕಿತ್ತು ತಂದೆ ತಾಯ ಮಡಿಲಿಗೆ.”

ಕಿವಿಗೆ ಚೆನ್ನಾಗಿಯೇ ಇದೆ. ನಾನು ಹೆಚ್ಚೇನೂ ಹೇಳಲಿಲ್ಲ. “ಇದನ್ನು ಬಂದರಿನ ಕಟ್ಟೆಯ ಮೇಲೆ ನಿಂತು ಹೇಳು, ಆಮೇಲೆ ಅಂತರ್ಜಾಲಕ್ಕೆ ಹಾಕು” ಎಂದೆ. ಒಂದು ವಾರ ಸುದ್ದಿಯಿಲ್ಲ. ನಂತರ ಫೋನು. “ಮಾವ, ಮರ್ಯಾದೆ ಹೋಯಿತು” ಎಂದ. ಬಲೆ ಹೆಣೆಯುತ್ತಾ ಕೂತಿದ್ದವರು ಎರಡನೆಯ ಸಾಲಿಗೇ ತಡೆದಿದ್ದರಂತೆ: “ಜೂನಿನಲ್ಲಿ ಟ್ರಾಲರ್ ಬಿಟ್ಟರೆ ತಾಯ ಮಡಿಲಿಗೆ ಅನ್ನ ಬರುವುದಿಲ್ಲ ತಮ್ಮಾ, ದಂಡದ ಚೀಟಿ ಬರುತ್ತದೆ!” ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಎಂಬುದು ಕರಾವಳಿಯಲ್ಲಿ ಹಸುಳೆಗೂ ಗೊತ್ತು. ನಾಡದೋಣಿ ಹೋಗಬಹುದು, ಟ್ರಾಲರ್ ಹೋಗುವಂತಿಲ್ಲ. ಇವನು ಅದೇ ಬಂದರಿನಲ್ಲಿ ಕೂತು ಲೆಕ್ಕ ಬರೆಯುವವನು! ಗೊತ್ತಿರದೇ ಇರಲು ಸಾಧ್ಯವೇ ಇಲ್ಲ. ಆದರೆ ಬರೆಯುವಾಗ ಅವನ ಕಣ್ಣೆದುರಿಗೆ ಇದ್ದದ್ದು ಬಂದರಲ್ಲ, ಬೇರೆ ಯಾರದೋ ವಿಡಿಯೊ. ತಿದ್ದಿ ಕಳಿಸಿದ ಸಾಲು ಹೀಗಿತ್ತು:

“ಜೂನ್ ಒಂದಕ್ಕೆ ಐಸು ನಿಂತಿತು, ಸಂಬಳ ಇಳಿಯಿತು ಅರ್ಧಕ್ಕೆ,
ಕಟ್ಟಿಹಾಕಿದ ಟ್ರಾಲರ್ ಲೆಕ್ಕ ಗೀಚಿದೆ ಗೋಡೆಯ ಉದ್ದಕ್ಕೆ.”

ಇದರಲ್ಲಿ ಎದೆಯೊಡ್ಡುವುದಿಲ್ಲ, ಅಲೆಯ ಬಾಯಿಯಿಲ್ಲ. ಆದರೆ ಈ ಸಾಲನ್ನು ಅವನಲ್ಲದೆ ಇನ್ನೊಬ್ಬ ಬರೆಯಲಾರ.

ಹೀಗೆ ತಡೆದು ಕೇಳುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಬರೆದುಕೊಂಡು ಬಂದು ಓದುವುದಿಲ್ಲ. ಭಾಗವತರ ಪದ್ಯ ಮುಗಿಯುತ್ತಿದ್ದಂತೆ ಸ್ಥಳದಲ್ಲೇ ಮಾತು ಕಟ್ಟಬೇಕು. ಎದುರಿಗಿನ ಅರ್ಥಧಾರಿ ಒಂದು ಎಳೆ ಸಡಿಲವಾದರೂ ಹಿಡಿದು ಜಗ್ಗುತ್ತಾನೆ. ಕೃಷ್ಣನಾದವನು ಕರ್ಣನ ಪ್ರಶ್ನೆಗೆ ತಡವರಿಸಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ಹಾಗೆಂದು “ರಾಪ್ ನಮ್ಮಲ್ಲಿ ಮೊದಲೇ ಇತ್ತು, ತಾಳಮದ್ದಳೆಯೇ ರಾಪ್” ಎಂದು ಹೆಮ್ಮೆಪಡುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅರ್ಥಧಾರಿ ತನ್ನ ಬದುಕನ್ನು ಹೇಳುವುದಿಲ್ಲ, ಪುರಾಣದ ಪಾತ್ರವನ್ನು ಹೇಳುತ್ತಾನೆ. ರಾಪ್ ಹೇಳುವವನು ‘ನಾನು’ ಎಂದೇ ಶುರು ಮಾಡುತ್ತಾನೆ. ಎರಡರ ಮೂಲವೂ ಬೇರೆ, ಗುರಿಯೂ ಬೇರೆ. ನಾವು ಎರವಲು ಪಡೆಯಬೇಕಾದದ್ದು ಆ ಎದುರಾಳಿಯನ್ನು. ಯಕ್ಷಗಾನ ಮೇಳಗಳು ಗೂಡು ಸೇರುವ ಮಳೆಗಾಲದಲ್ಲೇ ತಾಳಮದ್ದಳೆಗೆ ಕಳೆ ಬರುತ್ತಿದ್ದದ್ದು. ಟ್ರಾಲರ್‌ಗಳು ದಡ ಸೇರುವುದೂ ಆಗಲೇ. ಮಾತಿಗೆ ಕೂರಲು ಇದಕ್ಕಿಂತ ಬಿಡುವು ಎಲ್ಲಿ ಸಿಗುತ್ತದೆ?

ಅಸಲಿತನವೆಂದರೆ ಇನ್ನೊಂದು ಬಗೆಯ ತಪ್ಪು ಕಲ್ಪನೆಯೂ ಇದೆ, ಅದು ಬಂದೂಕಿಗಿಂತ ಅಪಾಯಕಾರಿ. ಬೀಟ್‌ನ ನಡುವೆ ಎರಡು ಸಲ ಗುಮಟೆಯ ಸದ್ದು ಸೇರಿಸಿ ‘ಮಣ್ಣಿನ ರಾಪ್’ ಎಂದು ಹೆಸರಿಡುವುದು. ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಆ ವಾದ್ಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದಲ್ಲಿ ಯಾರ ಕೈಯಲ್ಲಿರುತ್ತದೆ, ಯಾವ ಪದಕ್ಕೆ ಎಲ್ಲಿ ಪೆಟ್ಟು ಬೀಳುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಅಂಕೋಲೆ ಕಡೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಹಾಡಿನ ಬಗ್ಗೆ ಎಲ್ಲರೂ ಬರೆದರು. ಅವರು ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ನಿಂತು ಹೆಂಗಸರನ್ನು ಕಟ್ಟಿದವರೂ ಹೌದು. ಹಾಡಿದ್ದು ಯಾರ ಮುಂದೆಯೋ ಹೋರಾಡಿದ್ದೂ ಅವರ ಮುಂದೆಯೇ. ದೂರದ ಊರಿನಲ್ಲಿ ನಿಂತು ಕುಡುಕರನ್ನು ಬೈಯಲಿಲ್ಲ.

ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿ ಹುಡುಗರು ರಾಪ್ ಹಿಡಿದರೆ ಹೊರಗಿನವರು ತಟ್ಟನೆ “ಅವರಿಗೆ ರಕ್ತದಲ್ಲೇ ಬಂದಿದೆ” ಎನ್ನುತ್ತಾರೆ. ಶುದ್ಧ ಸೋಮಾರಿತನದ ಮಾತು ಇದು. ಆಫ್ರಿಕಾದಿಂದ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಕಥೆ ಬೇರೆ, ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಕಥೆ ಬೇರೆ. ಆ ಹುಡುಗ ಕಷ್ಟಪಟ್ಟು ಕಲಿತದ್ದನ್ನು ರಕ್ತದ ಖಾತೆಗೆ ಜಮಾ ಮಾಡುವುದು ಅವನಿಗೆ ಮಾಡುವ ಅವಮಾನ.

ಕಲಿಯುವ ಕಷ್ಟದ ಮಾತು ಬಂದದ್ದರಿಂದ ನನ್ನ ಕಸುಬಿನ ಒಂದು ಗುಟ್ಟು. ರಾಪ್ ಹೇಳುವವನ ನಿಷ್ಠೆ ಅಳೆಯಲು ಅವನ ಉಸಿರು ಕೇಳಿದರೆ ಸಾಕು. ಹದಿನಾರು ಬಾರ್‌ಗಳ (ನಾಲ್ಕು ಪೆಟ್ಟಿನ ಒಂದು ಸುತ್ತು ಒಂದು ಬಾರ್) ಒಂದು ಚರಣವನ್ನು ನಿಂತ ನಿಲುವಿನಲ್ಲಿ ಹೇಳುವವನು ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಬರೆಯುವಾಗಲೇ ಜಾಗ ಬಿಟ್ಟಿರುತ್ತಾನೆ. ತುಂಡು ತುಂಡಾಗಿ ಜೋಡಿಸಿದ ಹಾಡಿನಲ್ಲಿ ಉಸಿರೇ ಕೇಳಿಸುವುದಿಲ್ಲ. ಮನುಷ್ಯ ಅಷ್ಟು ಹೊತ್ತು ಉಸಿರಾಡದೆ ಬದುಕುವುದಿಲ್ಲ. ಇಂಥವನನ್ನು ವೇದಿಕೆಗೆ ಹತ್ತಿಸಿದರೆ ಅರ್ಧ ಚರಣಕ್ಕೆ ಮುಗ್ಗರಿಸುತ್ತಾನೆ.

ಇನ್ನು ಪ್ರಾಸ. ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಅಗ್ಗ. ಬರುತ್ತೇನೆ, ಇರುತ್ತೇನೆ, ತರುತ್ತೇನೆ ಎಂದು ಕ್ರಿಯಾಪದ ಸಾಲಿನ ಕೊನೆಗಿಟ್ಟರೆ ತಾನಾಗಿ ಕೂಡಿಕೊಳ್ಳುತ್ತದೆ, ಕಿವಿ ಹತ್ತು ಸಾಲಿಗೆ ಬೇಸತ್ತುಹೋಗುತ್ತದೆ. ಹಳಬರು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಡುತ್ತಿದ್ದರು. ಅದನ್ನು ಬೀಟ್‌ನ ಮೊದಲ ಪೆಟ್ಟಿಗೆ ಕೂರಿಸಿ ನೋಡಿದವರು ಎಷ್ಟು ಮಂದಿ? ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. ನಾಲ್ಕರ ಬೀಟ್‌ನ ಮೇಲೆ ಅದು ಹಟ ಹಿಡಿದು ಆಚೀಚೆ ಸರಿಯುತ್ತದೆ, ಆ ಎಳೆದಾಟದಲ್ಲೇ ಒಂದು ಸೊಗಸಿದೆ. ಇದಕ್ಕೆ ದುಡ್ಡು ಬೇಡ, ಸ್ಟುಡಿಯೊ ಬೇಡ, ಕೂತು ಬೆರಳೆಣಿಸುವ ತಾಳ್ಮೆ ಬೇಕು. ಕೆಲಸ ಬಿಟ್ಟು ಪೂರ್ಣಾವಧಿ ಕಲಾವಿದನಾಗುತ್ತೇನೆ ಎಂದು ಹೊರಟ ಅಳಿಯನಿಗೆ ನಾನು ಇದನ್ನೇ ಹೇಳಿದ್ದು. ಸಂಬಳ ಬಿಡುವುದು ಒಂದು ದಿನದ ಶೌರ್ಯ. ಮುಂಬೈಯಲ್ಲಿ ನನಗೆ ಗೊತ್ತಿರುವ ಹುಡುಗರು ಊಟದ ಪೊಟ್ಟಣ ಮನೆಮನೆಗೆ ಮುಟ್ಟಿಸುವ ಕೆಲಸ ಮಾಡುತ್ತಾ ಸಿಗ್ನಲ್‌ನಲ್ಲಿ ನಿಂತಾಗ ಸಾಲು ಬರೆಯುತ್ತಾರೆ.

ದುಡ್ಡಿನ ಲೆಕ್ಕವನ್ನಂತೂ ನಮ್ಮವರು ಕಲಿಯಲೇಬೇಕು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವೂ ಕೇಳಿಸಿಕೊಳ್ಳದ ಹಾಡು ರಾಯಲ್ಟಿಯ ಲೆಕ್ಕಕ್ಕೇ ಬರುವುದಿಲ್ಲ. ಪುಕ್ಕಟೆ ಎಂದು ಇಳಿಸಿಕೊಂಡ ಬೀಟ್ ಬಹಳ ಸಲ ‘ದುಡ್ಡು ಮಾಡದಿದ್ದರೆ ಮಾತ್ರ ಪುಕ್ಕಟೆ’ ಆಗಿರುತ್ತದೆ. ಹಾಡು ಓಡತೊಡಗಿದ ದಿನ ಬೀಟ್ ಮಾಡಿದವನು ಬಂದು ಹಕ್ಕು ಕೇಳುತ್ತಾನೆ. ಅಳಿಯನ ಗೆಳೆಯನೊಬ್ಬ ಯಾವುದೋ ಸಂಗೀತ ಕಂಪನಿಯ ಹದಿನಾಲ್ಕು ಪುಟದ ಕರಾರಿಗೆ ಓದದೆ ಸಹಿ ಹಾಕಿ, ತನ್ನ ಹಾಡನ್ನು ತಾನೇ ಹಾಕಿಕೊಳ್ಳಲಾಗದ ಸ್ಥಿತಿಗೆ ಬಂದ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಸಾಹಿತ್ಯ ಬರೆದವನ ರಾಯಲ್ಟಿಯ ಪಾಲನ್ನು ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಬಿಟ್ಟು ಬೇರೆಯವರು ಬರೆಸಿಕೊಳ್ಳುವಂತಿಲ್ಲ. ಅಂಥ ಸಂಘವಾದ ಐಪಿಆರ್‌ಎಸ್‌ನಲ್ಲಿ ಹೆಸರು ನೋಂದಾಯಿಸುವುದು ಇದಕ್ಕಾಗಿಯೇ. ಸ್ವತಂತ್ರ ಕಲಾವಿದ ಎಂದು ಹೆಸರಿನ ಕೆಳಗೆ ಬರೆದುಕೊಳ್ಳುವ ಮೊದಲು ಇಷ್ಟಾದರೂ ತಿಳಿದಿರಲಿ.

ಮುಂಬೈಯನ್ನು ನಾನು ಹೊಗಳುತ್ತಲೇ ಹೋದೆನೇನೋ. ಇಲ್ಲಿಯೂ ಎಲ್ಲ ಸರಿಯಿಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಿದ್ದ ಇಲ್ಲಿನ ರಾಪರ್ ಡಿವೈನ್ ತನ್ನ ಗಲ್ಲಿಯ ಹಿಂದಿಗೆ ಬಂದದ್ದು, 2014ರಲ್ಲಿ ಕುರ್ಲಾದ ಇನ್ನೊಬ್ಬ ರಾಪರ್ ನೇಜಿ ಐಪ್ಯಾಡ್ ಒಂದರಲ್ಲೇ ವಿಡಿಯೊ ಮಾಡಿದ್ದು, ಸ್ವದೇಸಿ ತಂಡ ಮುಂಬೈಯ ಆರೆ ಕಾಡಿನ ವಾರ್ಲಿ ಆದಿವಾಸಿಗಳ ಜೊತೆ ನಿಂತು ಹಾಡಿದ್ದು, ಇವೆಲ್ಲ ನಿಜವಾದ ಸಾಧನೆ. ಇದರ ನಡುವೆ ‘ಗಲ್ಲಿ ಬಾಯ್’ ಸಿನಿಮಾ ಬಂತು, ಪಾನೀಯದ ಕಂಪನಿಗಳು ಬಂದವು. ಈಗ ಗಗನಚುಂಬಿಯ ಇಪ್ಪತ್ತನೆಯ ಮಹಡಿಯ ಹುಡುಗನೂ ಗಲ್ಲಿ ಎನ್ನುತ್ತಾನೆ. ಸುತ್ತ ನಿಲ್ಲುವವರ ಜಾಗದಲ್ಲಿ ಕ್ಯಾಮೆರಾ ಬಂದು ನಿಂತರೆ ಮುಂಬೈಯೂ ಅಂಕೋಲೆಯ ಕೋಣೆಯೂ ಒಂದೇ. ಅತ್ತ ಬೆಂಗಳೂರಿನಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೊ ಮೊದಲಾದವರು ಕನ್ನಡ ರಾಪ್‌ಗೆ ಕೇಳುಗರನ್ನು ತಂದುಕೊಟ್ಟರು. ಆ ಉಪಕಾರ ದೊಡ್ಡದು. ಆದರೆ ಅವರ ಕನ್ನಡ ಅವರದು. ಕಾರವಾರದವನು ಅದನ್ನು ತೊಟ್ಟುಕೊಂಡರೆ ಮೈಗೆ ಕೂರುವುದಿಲ್ಲ.

ಅಳಿಯನ ಈಗಿನ ತಕರಾರು ಇದೇ. ಬಂದರಿನ ಕಟ್ಟೆಯ ಮೇಲೆ ಸೇರುವವರಲ್ಲಿ ಮುಕ್ಕಾಲು ಪಾಲು ಕೊಂಕಣಿಯವರು. ಅವರ ಮುಂದೆ ಹೇಳುವಾಗ ಸಾಲಿನ ನಡುವೆ ಕೊಂಕಣಿ ತಾನಾಗಿ ನುಸುಳುತ್ತದೆ. “ಮಾವ, ಹಾಗೇ ಬಿಟ್ಟರೆ ಬೆಂಗಳೂರಿನವರಿಗೆ ಅರ್ಧ ತಿಳಿಯುವುದಿಲ್ಲ, ಕೇಳುಗರು ಹೋಗುತ್ತಾರೆ” ಎಂದು ಅವನ ಚಿಂತೆ. ಕಾರವಾರದ ಮೀನು ಪೇಟೆಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಹುಟ್ಟಿ ಕೊಂಕಣಿಯಲ್ಲಿ ಮುಗಿಯುತ್ತದೆ, ಚೌಕಾಸಿಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ. ಬ್ರಾಂಕ್ಸ್‌ನವರ ಮಾತು ಅರ್ಧವೂ ತಿಳಿಯದೆಯೇ ಇವನು ಹಿಪ್ ಹಾಪ್‌ಗೆ ಮರುಳಾದದ್ದು. ಬೆಂಗಳೂರಿನವರು ಆ ಇನ್ನರ್ಧವನ್ನು ಯಾರನ್ನಾದರೂ ಕೇಳಿ ತಿಳಿದುಕೊಳ್ಳಲಿ, ಕೊಂಕಣಿ ಬಲ್ಲವರು ಅಲ್ಲಿಯೂ ಬೇಕಾದಷ್ಟಿದ್ದಾರೆ ಎಂದು ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.