ಬೀದಿಯ ರಟ್ಟು, ಬ್ರಸೆಲ್ಸ್‌ನ ಕಡತ

2025ರ ಜುಲೈ 22ರಂದು ಉಕ್ರೇನ್ ಸಂಸತ್ತು ಭ್ರಷ್ಟಾಚಾರ ನಿಗ್ರಹ ದಳ ‘ನಾಬು’ ಮತ್ತು ವಿಶೇಷ ಪ್ರಾಸಿಕ್ಯೂಟರ್ ಕಚೇರಿ ಎರಡನ್ನೂ ಪ್ರಾಸಿಕ್ಯೂಟರ್ ಜನರಲ್ ಕೈಕೆಳಗೆ ತರುವ ಕಾನೂನು ಪಾಸು ಮಾಡಿತು. ಅಧ್ಯಕ್ಷರ ಸಹಿಯೂ ಅದೇ ದಿನ ಬಿತ್ತು. ಸಂಜೆ ಹೊತ್ತಿಗೆ ಕೀವ್‌ನಲ್ಲಿ ಜನ ರಟ್ಟಿನ ಮೇಲೆ ಘೋಷಣೆ ಗೀಚಿಕೊಂಡು ಬೀದಿಗಿಳಿದಿದ್ದರು, ಅದೂ ಯುದ್ಧದ ನಡುವೆ. 31ಕ್ಕೆ ಅದೇ ಸಂಸತ್ತು ಸ್ವಾಯತ್ತತೆ ಮರಳಿಸಿತು.

ಟಿವಿಯಲ್ಲಿ ಕಂಡದ್ದು ರಟ್ಟು ಮಾತ್ರ. ಬ್ರಸೆಲ್ಸ್‌ನಲ್ಲಿ ಕೂತ ಐರೋಪ್ಯ ಒಕ್ಕೂಟಕ್ಕೆ ಬಾಯಿ ಹಾಕಲು ಹಕ್ಕು ಕೊಟ್ಟದ್ದು ಉಕ್ರೇನಿನ ಸದಸ್ಯತ್ವದ ಕಡತ. 2022ರ ಜೂನ್‌ನಲ್ಲಿ ಉಕ್ರೇನಿಗೆ ಒಕ್ಕೂಟ ಸೇರುವ ಅಭ್ಯರ್ಥಿ ಸ್ಥಾನ ಸಿಕ್ಕಾಗ ಹಾಕಿದ 7 ಷರತ್ತುಗಳಲ್ಲಿ ಇದೇ ಎರಡು ಸಂಸ್ಥೆಗಳ ಮುಖ್ಯಸ್ಥರ ನೇಮಕವೂ ಇತ್ತು.

ಸದಸ್ಯತ್ವದ ಮಾತುಕತೆ 35 ಅಧ್ಯಾಯಗಳಲ್ಲಿ ನಡೆಯುತ್ತದೆ. 23ನೆಯದು ನ್ಯಾಯಾಂಗ ಮತ್ತು ಮೂಲಭೂತ ಹಕ್ಕುಗಳದ್ದು. ಇದು ಮೊದಲು ತೆರೆಯುವವುಗಳಲ್ಲಿ ಒಂದು, ಮುಚ್ಚುವುದು ಕೊನೆಗೆ. ಒಕ್ಕೂಟದ ಆಡಳಿತ ನಡೆಸುವ ಆಯೋಗ ವರ್ಷಕ್ಕೊಮ್ಮೆ ಸದಸ್ಯತ್ವಕ್ಕೆ ಕಾದಿರುವ ಪ್ರತಿ ದೇಶದ ವರದಿ ಕೊಡುತ್ತದೆ. ಅದಕ್ಕೆ ಮುಂಚೆ ಆ ದೇಶದ ನಾಗರಿಕ ಸಂಘಟನೆಗಳು ಸರ್ಕಾರದ ಲೆಕ್ಕಕ್ಕೆ ಎದುರಾಗಿ ‘ಶ್ಯಾಡೋ ರಿಪೋರ್ಟ್’ ಬರೆಯುತ್ತವೆ. ನನ್ನ ಪ್ರಕಾರ ನಾಗರಿಕ ಸಂಘಟನೆಗಳ ನಿಜವಾದ ಕೆಲಸ ಇದೇ, ಹೋಟೆಲ್ ಹಾಲ್‌ನ ಸೆಮಿನಾರ್ ಅಲ್ಲ. ‘ನ್ಯಾಯಾಂಗದ ಮೇಲೆ ಒತ್ತಡವಿದೆ’ ಎಂದು ಬರೆದರೆ ಯಾರೂ ಮೂಸುವುದಿಲ್ಲ. ಯಾವ ಮಸೂದೆ, ಎಷ್ಟನೇ ಕಲಂ, ಅಭಿಪ್ರಾಯ ಹೇಳಲು ಎಷ್ಟು ದಿನ ಕೊಟ್ಟರು, ‘ತುರ್ತು’ ಎಂದು ಯಾವತ್ತು ನುಗ್ಗಿಸಿದರು: ಇಷ್ಟಿದ್ದರೆ ಆಯೋಗದ ಅಧಿಕಾರಿ ಅದನ್ನು ಪರಿಶೀಲಿಸಿ ತನ್ನ ವರದಿಗೆ ಎತ್ತಿಕೊಳ್ಳಬಹುದು. ಆ ವರದಿಯ ಕರಡು ಗಟ್ಟಿಯಾದ ಮೇಲೆ ತಲುಪಿದ್ದು ರದ್ದಿ.

ಸಮಿತಿಯಲ್ಲಿ ಕುರ್ಚಿ ಸಿಕ್ಕಿತೆಂದು ಬೀಗುವುದೂ ಬೇಡ. ಮಾಂಟೆನೆಗ್ರೊ ತನ್ನ ಮಾತುಕತೆಯ ಕಾರ್ಯತಂಡಗಳಿಗೆ ಎನ್‌ಜಿಒಗಳನ್ನು ಸೇರಿಸಿಕೊಂಡಿತು. ಒಳ್ಳೆಯದೇ. ಆದರೆ ಕರಡು ಪ್ರತಿ ಸಭೆಯ ಹಿಂದಿನ ರಾತ್ರಿ ಕೈಗೆ ಬಂದರೆ ಅಂಥ ಕುರ್ಚಿಯಿಂದ ಆಗುವುದು ಹಾಜರಿ ಪುಸ್ತಕದ ಸಹಿಯಷ್ಟೇ.

ಇನ್ನು ಸಮಯದ ಲೆಕ್ಕ. ಕ್ರೊಯೇಷಿಯಾದ ಮಾತುಕತೆ 2011ರಲ್ಲಿ ಮುಗಿಯುವುದರಲ್ಲಿತ್ತು. ಅಲ್ಲಿನ ಸಂಘಟನೆಗಳು ಅದೇ ವರ್ಷ ‘ಪ್ಲಾಟ್‌ಫಾರ್ಮ್ 112’ ಕಟ್ಟಿ 112 ಬೇಡಿಕೆಗಳನ್ನು ಮುಂದಿಟ್ಟವು. ಅವಸರಕ್ಕೆ ಕಾರಣವಿತ್ತು: 23ನೇ ಅಧ್ಯಾಯ ಮುಚ್ಚಿದರೆ ಒಕ್ಕೂಟದ ಹಿಡಿತ ತಪ್ಪುತ್ತದೆ. 2013ರ ಜುಲೈ 1ರಂದು ದೇಶ ಒಳಗೆ ಹೋಯಿತು. ಒಳಗಿರುವವರ ಮೇಲೂ ಒಕ್ಕೂಟ ಈಗ ವರದಿ ಬರೆಯುತ್ತದೆ, ಸರಿ. ಆದರೆ ಒಳಗೆ ಕೂತವನಿಗೆ ಬಾಗಿಲು ಹಾಕುತ್ತೇನೆ ಎಂದು ಹೆದರಿಸುವುದು ಹೇಗೆ?

ಜಾರ್ಜಿಯಾದ್ದು ಇನ್ನೂ ವಿಚಿತ್ರ. 2022ರಲ್ಲಿ ಒಕ್ಕೂಟ ಅದಕ್ಕೆ ಕೊಟ್ಟ 12 ಅಂಶಗಳ ಷರತ್ತಿನಲ್ಲಿ ನಾಗರಿಕ ಸಮಾಜವನ್ನು ಎಲ್ಲ ಹಂತದ ನಿರ್ಧಾರಗಳಲ್ಲೂ ಸೇರಿಸಿಕೊಳ್ಳಿ ಎಂಬುದೂ ಒಂದು. 2024ರ ಮೇನಲ್ಲಿ ಬಂದ ಕಾನೂನು, 20 ಶೇಕಡಾಕ್ಕಿಂತ ಹೆಚ್ಚು ಹಣ ವಿದೇಶದಿಂದ ಪಡೆವ ಸಂಘಟನೆಗಳು ‘ವಿದೇಶಿ ಶಕ್ತಿಯ ಹಿತ ಕಾಯುವವರು’ ಎಂದು ನೋಂದಾಯಿಸಿಕೊಳ್ಳಬೇಕು ಎಂದಿತು. ನವೆಂಬರ್ 28ಕ್ಕೆ ಸರ್ಕಾರ 2028ರ ಕೊನೆಯವರೆಗೆ ಸದಸ್ಯತ್ವದ ಮಾತುಕತೆಯ ವಿಷಯವನ್ನೇ ಎತ್ತುವುದಿಲ್ಲ ಎಂದುಬಿಟ್ಟಿತು. ವಿದೇಶಿ ಹಣದ ಕಾನೂನಿನ ಏಟು ನಾಟಿದ್ದಕ್ಕೆ ಕಾರಣವೂ ಉಂಟು: ಸದಸ್ಯರ ಚಂದಾದಿಂದ ನಡೆಯುವ ಸಂಘಟನೆಗಳು ಅಲ್ಲಿ ಬಹಳ ಕಡಿಮೆ, ಸಂಬಳದಿಂದ ಬಾಡಿಗೆವರೆಗೆ ಹೊರಗಿನ ಅನುದಾನವೇ ಆಸರೆ.