ಸ್ಪಷ್ಟನೆ: ಆಕ್ಸಲ್ ಅನುಪಾತ ಹೆಚ್ಚಿದರೆ ಎಂಜಿನ್ ನಿಧಾನವಾಗಿ ತಿರುಗುವುದಿಲ್ಲ

ಮಂಡ್ಯದ ಸರಕು ವಾಹನ ಚಾಲಕರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಹಿಂದಿನ ಆಕ್ಸಲ್‌ಗೆ 3.55ರ ಬದಲು 4.10 ಅನುಪಾತದ ಕ್ರೌನ್–ಪಿನಿಯನ್ (ಚಕ್ರಗಳನ್ನು ತಿರುಗಿಸುವ ದೊಡ್ಡ–ಸಣ್ಣ ಹಲ್ಲುಗಾಲಿಗಳ ಜೋಡಿ) ಹಾಕಿಸಿದರೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಿ ಡೀಸೆಲ್ ಉಳಿಯುತ್ತದೆಯಂತೆ. ಲೆಕ್ಕ ತಲೆಕೆಳಗಾಗಿದೆ.

ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಇದ್ದರೆ ಅನುಪಾತ 4.10. ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಬೇಕು. ಟೈರಿನ ಸುತ್ತಳತೆ 2.2 ಮೀಟರ್ ಎಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 606 ಸುತ್ತು ಹಾಕುತ್ತದೆ. ಟಾಪ್ ಗೇರ್ 1:1 ಆಗಿದ್ದರೆ, ಅಂದರೆ ಶಾಫ್ಟ್ ಎಂಜಿನ್‌ನಷ್ಟೇ ತಿರುಗುತ್ತಿದ್ದರೆ, ಎಂಜಿನ್ ನಿಮಿಷಕ್ಕೆ 3.55ರಲ್ಲಿ ಸುಮಾರು 2150, 4.10ರಲ್ಲಿ 2485 ಸುತ್ತು ತಿರುಗಬೇಕು. ಸದ್ದೂ ಹೆಚ್ಚು, ಸಾಮಾನ್ಯವಾಗಿ ಡೀಸೆಲ್ ಖರ್ಚೂ ಹೆಚ್ಚು.

‘ಹಾಕಿಸಿದ ಮೇಲೆ ಗಾಡಿ ಚುರುಕಾಯಿತು, ಮೈಲೇಜೂ ಏರಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುತ್ತಿರುವುದು ಮೀಟರ್! ಗೇರ್‌ಬಾಕ್ಸ್‌ನಿಂದ ವೇಗ ಅಳೆಯುವ ವಾಹನಗಳಲ್ಲಿ, ಮೀಟರ್ ಸರಿಹೊಂದಿಸದಿದ್ದರೆ, ಅದು 80 ತೋರಿಸುವಾಗ ನಿಜವಾದ ವೇಗ 69ರ ಆಸುಪಾಸು. ಕ್ರಮಿಸಿದ ದೂರವೂ ಹಾಗೆಯೇ ಉಬ್ಬುತ್ತದೆ.

ಗದ್ದೆಯಿಂದ ಕಬ್ಬು ತುಂಬಿಕೊಂಡು ಏರು ಹತ್ತುವವರ ಮಾತು ಬೇರೆ. ಅವರಿಗೆ 4.10ರಲ್ಲಿ ಅದೇ ಗೇರಿಗೆ ಶೇ 15ರಷ್ಟು ಹೆಚ್ಚು ಎಳೆತ ಸಿಗುತ್ತದೆ.