ಗುರುವೇ, ಎರಡು ಚೌಕ ಬರ್ಕೊಂಡಿರು

ನೂರು ಚೌಕ ಎಳೆದ ಒಂದು ಹಾಳೆ ಮೊನ್ನೆ ಶನಿವಾರದಿಂದ ನಮ್ಮ ಊಟದ ಮೇಜಿನ ಮೇಲೆ ಬಿದ್ದಿದೆ. ತೊಂಬತ್ತೆಂಟು ಚೌಕಕ್ಕೆ ದುಡ್ಡು ಬಂದಿದೆ, ಎರಡಕ್ಕೆ ಬಂದಿಲ್ಲ. ಆ ಎರಡರಲ್ಲಿ ಒಂದಕ್ಕೆ ಬಹುಮಾನ ಹೊಡೆದಿದೆ. ಇಷ್ಟು ಓದುವಾಗಲೇ ಯಾರಿಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತೋ ಅವರು ಜೀವನದಲ್ಲಿ ಒಮ್ಮೆಯಾದರೂ ಯಾವುದೋ ಸಂಘದ ಖಜಾಂಚಿಯಾಗಿದ್ದವರು. ಉಳಿದವರಿಗೆ ಸ್ವಲ್ಪ ವಿವರಿಸಬೇಕು.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಅರಿಜೋನಾದಲ್ಲಿ ಕೂತು ಜೈ ಅನ್ನುವ ಬಳಗ ನಮ್ಮದು. ತಂಡ ಇರುವ ಕೊಲಂಬಸ್ಸಿಗೂ ಇಲ್ಲಿಗೂ ರಸ್ತೆಯಲ್ಲಿ ಸುಮಾರು 3,000 ಕಿಲೋಮೀಟರ್. ಆಟವೂ ನಾವು ಬಯಲಲ್ಲಿ ಒದ್ದಾಡಿದ ಫುಟ್‌ಬಾಲ್ ಅಲ್ಲ, ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್. ಅಲ್ಲಿನ ಸ್ಟೇಡಿಯಂ 1922ರದ್ದು, ಲಕ್ಷಕ್ಕೂ ಮೇಲೆ ಜನ ಹಿಡಿಯುತ್ತದೆ. ಅಲ್ಲಿ ಓದಿ ಇಲ್ಲಿ ಕೆಲಸ ಸಿಕ್ಕವರು ಶನಿವಾರ ಒಂದು ಬಾರಿನ ಹಿಂದಿನ ಕೋಣೆಯಲ್ಲಿ ಕೆಂಪಂಗಿ ತೊಟ್ಟು ಸೇರುತ್ತೇವೆ. ಅದರ ಜೊತೆಗೇ ಚಂದಾ ಎತ್ತುವ ಕೆಲಸ. ಇಲ್ಲಿಂದ ಅಲ್ಲಿಗೆ ಓದಲು ಹೋಗುವ ಹುಡುಗ ಹುಡುಗಿಯರಿಗೆ ಅದು ವಿದ್ಯಾರ್ಥಿವೇತನ, ಯಾಕೆಂದರೆ ಹೊರರಾಜ್ಯದವರಿಗೆ ಅಲ್ಲಿನ ಶುಲ್ಕ ಓಹಿಯೋದ ಮಕ್ಕಳು ಕಟ್ಟುವುದರ ಎರಡು ಪಟ್ಟಿಗೂ ಜಾಸ್ತಿ. ಗಣೇಶನ ಚಂದಾಕ್ಕೆ ರಸೀದಿ ಪುಸ್ತಕ ಹಿಡಿದು ಬೀದಿ ಸುತ್ತಿದವರಿಗೆ ಇದೇನೂ ಹೊಸದಲ್ಲ. ಗಣೇಶ ಎಲ್ಲರ ದೇವರು, ಮೈದಾನದಲ್ಲಿ ತಂಡವನ್ನು ಆಡಿಸುವ ಕ್ವಾರ್ಟರ್‌ಬ್ಯಾಕ್ ಮಾತ್ರ ಗೆದ್ದ ದಿನದ ದೇವರು, ವ್ಯತ್ಯಾಸ ಅಷ್ಟೇ.

ಮೊದಲನೇ ತಲೆನೋವು ಗಡಿಯಾರ. ಅಮೆರಿಕದ ಬಹುತೇಕ ರಾಜ್ಯಗಳು ಮಾರ್ಚಿಯಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಗಡಿಯಾರ ತಿರುಗಿಸುತ್ತವೆ. ಅರಿಜೋನಾ, ನವಾಹೋ ಎಂಬ ಮೂಲನಿವಾಸಿಗಳ ಸೀಮೆಯೊಂದನ್ನು ಬಿಟ್ಟರೆ, ನಮ್ಮೂರಿನ ಹಾಗೆ ವರ್ಷವಿಡೀ ಒಂದೇ ಸಮಯಕ್ಕೆ ಅಂಟಿಕೊಂಡಿದೆ. ಹಾಗಾಗಿ ಕೊಲಂಬಸ್ಸಿನ ಮಧ್ಯಾಹ್ನ ಹನ್ನೆರಡರ ಪಂದ್ಯ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮಗೆ ಬೆಳಿಗ್ಗೆ ಒಂಬತ್ತಕ್ಕೆ, ನವೆಂಬರಿನ ಮೊದಲ ಭಾನುವಾರ ಕಳೆದ ಮೇಲೆ ಹತ್ತಕ್ಕೆ. ಒಂಬತ್ತಕ್ಕೆ ಅಂದರೆ ಬಾರು ಎಂಟೂವರೆಗೆ ಬಾಗಿಲು ತೆರೆಯಬೇಕು, ಅಡುಗೆಯವನು ಎಂಟಕ್ಕೆ ಬರಬೇಕು. ಇದನ್ನು ಒಂದು ತಿಂಗಳು ಮೊದಲೇ ಹೇಳಿಡೋಣ ಅಂದರೆ ಅದೂ ಆಗುವುದಿಲ್ಲ. ಎಷ್ಟೋ ಪಂದ್ಯಗಳ ವೇಳೆಯನ್ನು ಟೀವಿಯವರು ಹನ್ನೆರಡು ದಿನ ಮುಂಚೆ ತಿಳಿಸುತ್ತಾರೆ, ಕೆಲವು ಸಲ ಆರೇ ದಿನ ಮುಂಚೆ. ಮದುವೆ ಛತ್ರ ಗೊತ್ತು ಮಾಡಿ, ಮುಹೂರ್ತ ಆಮೇಲೆ ಹೇಳುತ್ತೇವೆ ಅಂದ ಹಾಗೆ. ಜೊತೆಗೆ ಕೆಲವು ಪಂದ್ಯ ಇಂಟರ್ನೆಟ್ಟಿನಲ್ಲಿ ಮಾತ್ರ. ಮನೆಯ ಚಂದಾದಾರಿಕೆಯನ್ನು ಬಾರಿನ ಟೀವಿಗೆ ಹಚ್ಚುವಂತಿಲ್ಲ, ಅಂಗಡಿಗಳಿಗೆಂದೇ ಬೇರೆ ಪರವಾನಗಿ ಇದೆ. ಅದು ಇದೆಯೇ ಎಂದು ಬುಧವಾರವೇ ಫೋನ್ ಮಾಡಿ ಕೇಳಬೇಕು. ಶನಿವಾರ ಎಂಟು ಐವತ್ತಕ್ಕೆ ಕೇಳಿದರೆ ಮೂವತ್ತು ಟೀವಿಯಲ್ಲೂ ಗಾಲ್ಫ್ ಬರುತ್ತಿರುತ್ತದೆ.

ಈಗ ಚೌಕಕ್ಕೆ ಬರೋಣ. ಚಾರ್ಟ್ ಶೀಟಿನ ಮೇಲೆ ಹತ್ತಕ್ಕೆ ಹತ್ತರ ಮನೆ ಎಳೆಯಬೇಕು. ಒಂದು ಚೌಕಕ್ಕೆ ಹತ್ತು ಡಾಲರ್, ಒಟ್ಟು ಸಾವಿರ. ಐನೂರು ನಿಧಿಗೆ, ಐನೂರು ಬಹುಮಾನಕ್ಕೆ. ಆಟಕ್ಕೆ ನಾಲ್ಕು ಕ್ವಾರ್ಟರ್, ಅಂದರೆ ನಾಲ್ಕು ಕಾಲುಭಾಗ. ಮೊದಲ ಮೂರಕ್ಕೆ ತಲಾ ನೂರು, ಕೊನೆಯದಕ್ಕೆ ಇನ್ನೂರು. ಹೆಸರುಗಳೆಲ್ಲ ತುಂಬಿದ ಮೇಲೆ, ನೆನಪಿರಲಿ, ತುಂಬಿದ ಮೇಲೆಯೇ, ಒಂದು ತಂಡದ ಅಡ್ಡ ಸಾಲಿಗೂ ಇನ್ನೊಂದು ತಂಡದ ನೆಟ್ಟ ಸಾಲಿಗೂ 0ರಿಂದ 9ರವರೆಗೆ ಅಂಕೆಗಳನ್ನು ಚೀಟಿ ಎತ್ತಿ ಬರೆಯಬೇಕು. ಮೊದಲೇ ಬರೆದರೆ ಎಲ್ಲರೂ 7–0 ಚೌಕಕ್ಕೆ ಮುಗಿಬೀಳುತ್ತಾರೆ, 2–2ರ ಹತ್ತಿರ ನಾಯಿಯೂ ಸುಳಿಯುವುದಿಲ್ಲ. ಯಾಕೆಂದರೆ ಈ ಆಟದಲ್ಲಿ ಅಂಕಗಳು ಬರುವುದೇ ಹೆಚ್ಚಾಗಿ ಏಳೇಳು, ಮೂರುಮೂರರ ಲೆಕ್ಕದಲ್ಲಿ. 0, 7, 3, 4 ಮೇಲಿಂದ ಮೇಲೆ ಬರುತ್ತವೆ, 2 ಮತ್ತು 5 ಅಮಾವಾಸ್ಯೆಗೊಮ್ಮೆ. ಕ್ವಾರ್ಟರ್ ಮುಗಿದಾಗ ಎರಡೂ ತಂಡದ ಅಂಕದ ಕೊನೆಯ ಅಂಕೆ ಯಾವ ಚೌಕದಲ್ಲಿ ಸೇರುತ್ತದೋ ಆ ಹೆಸರಿನವರಿಗೆ ದುಡ್ಡು. ಪೆನ್ಸಿಲಿನಲ್ಲಿ ಬರೆಯಬಾರದು. ಆಟ ಶುರುವಾಗುವ ಮೊದಲು ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಇರಬೇಕು: "ಆಟ ಶುರುವಾಗುವಷ್ಟರಲ್ಲಿ ದುಡ್ಡು ಕೊಡದ ಚೌಕ ಬಳಗದ್ದು."

ಆ ಸಾಲು ನಮ್ಮ ಹಾಳೆಯ ಮೇಲೆ ಇರಲಿಲ್ಲ.

ನಮ್ಮ ಬಳಗದಲ್ಲಿ ಕನ್ನಡದವರು ಇಬ್ಬರೇ. ಒಬ್ಬ ಖಜಾಂಚಿ, ಇನ್ನೊಬ್ಬ ಸಾಲಗಾರ. ಮಿಕ್ಕವರೆಲ್ಲ ಇಪ್ಪತ್ತರ ನೋಟನ್ನು ಎಣಿಸಿ ಕೊಟ್ಟು ಚೌಕ ಹಿಡಿಯುತ್ತಾರೆ. ಈ ಮಹಾಶಯ ಮಾತ್ರ ದೂರದಿಂದಲೇ ಕೈ ಎತ್ತಿ, "ಗುರುವೇ, ಎರಡು ಬರ್ಕೊಂಡಿರು, ಆಮೇಲೆ ಝೆಲ್ ಮಾಡ್ತೀನಿ" ಅನ್ನುತ್ತಾನೆ. ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಹೇಳಿದರೆ ಅದು ಸಾಲ, ಸುತ್ತ ಕೂತವರಿಗೂ ಗೊತ್ತಾಗುತ್ತದೆ. ಕನ್ನಡದಲ್ಲಿ ಹೇಳಿದರೆ ಸ್ನೇಹ. ಮನೆಯಿಂದ ಇಷ್ಟು ದೂರ ಬಂದು ಕೆಂಪಂಗಿಗಳ ನಡುವೆ ಒಬ್ಬ ಮನುಷ್ಯ 'ಗುರುವೇ' ಅಂದಾಗ ಇಪ್ಪತ್ತು ಡಾಲರಿಗೆ ಕೈ ಚಾಚಲು ಯಾವ ಖಜಾಂಚಿಗೆ ಮನಸ್ಸು ಬಂದೀತು? ಅವನಿಗೆ ಅದು ಚೆನ್ನಾಗಿ ಗೊತ್ತು.

ಝೆಲ್ ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಫೋನಿನಲ್ಲಿ ದುಡ್ಡು ಕಳಿಸುವ ಏರ್ಪಾಡು, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಅವನ 'ಆಮೇಲೆ' ಹೋಗುವುದಿಲ್ಲ. ಮೊದಲ ಕ್ವಾರ್ಟರಿನಲ್ಲಿ ಅವನ ಫೋನಿಗೆ ಚಾರ್ಜ್ ಇರುವುದಿಲ್ಲ. ಎರಡನೆಯದರಲ್ಲಿ ಚಾರ್ಜ್ ಇದೆ, ಸಿಗ್ನಲ್ ಇಲ್ಲ. ವಿರಾಮದಲ್ಲಿ ಎರಡೂ ಇದೆ, ಕೋಳಿಯ ರೆಕ್ಕೆ ತಿಂದು ಕೈಯೆಲ್ಲ ಮಸಾಲೆ. ಮೂರನೆಯದರಲ್ಲಿ ಆಟ ಬಿಗಿಯಾಗಿದೆ, ಈಗ ಮಾತಾಡಿಸಬೇಡ. ನಾಲ್ಕನೆಯದರಲ್ಲಿ ಸೋಲುತ್ತಿದ್ದರೆ ದುಃಖ, ಗೆಲ್ಲುತ್ತಿದ್ದರೆ ಅಪ್ಪುಗೆ. ಸೋಮವಾರ ನೆನಪಿಸಿದರೆ ಹೆಬ್ಬೆರಳಿನ ಚಿತ್ರ ಒಂದು ಬರುತ್ತದೆ. ಆ ಹೆಬ್ಬೆರಳನ್ನು ಬ್ಯಾಂಕಿಗೆ ಕಟ್ಟಲು ಬರುವುದಿಲ್ಲ. ಹಾಗೆ ನೋಡಿದರೆ ಹೋದ ಪಂದ್ಯದ ಎರಡು ಚೌಕದ್ದೂ ಬಾಕಿ ಇತ್ತು. ಅದನ್ನು ನಿಧಿಯ ಲೆಕ್ಕ ಕೂಡಿಬರಲಿ ಎಂದು ಕೈಯಿಂದ ಹಾಕಿದ್ದಾಯಿತು. ಮನೆಯವಳ ಮುಂದೆ ಇದನ್ನು ಹೇಳಬಾರದಿತ್ತು. "ಕನ್ನಡ ಸಂಘದ ಯುಗಾದಿ ಊಟದ ಬಾಕಿ ಸಾಲದು ಅಂತ ಇದನ್ನೂ ಮೈಮೇಲೆ ಹಾಕ್ಕೊಂಡ್ರಾ?"

ಮೊನ್ನೆ ಮೂರನೇ ಕ್ವಾರ್ಟರ್ ಮುಗಿದಾಗ ಕೊನೆಯ ಅಂಕೆಗಳು ನಮಗೆ 7, ಎದುರಾಳಿಗೆ 0. ಇಡೀ ಹಾಳೆಯ ರಾಜಾ ಚೌಕ. ಅದರಲ್ಲಿ ಯಾರ ಹೆಸರಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಚಾರ್ಜಿಲ್ಲದ ಫೋನು, ಮಸಾಲೆ ಮೆತ್ತಿದ ಕೈ ಎಲ್ಲ ಒಂದೇ ಕ್ಷಣದಲ್ಲಿ ವಾಸಿಯಾಗಿ ಅವನು ಮೇಜಿನ ಮುಂದೆ ಪ್ರತ್ಯಕ್ಷ. ದುಡ್ಡೇ ಕೊಟ್ಟಿಲ್ಲವಲ್ಲಪ್ಪ ಅಂದರೆ ಬಂದ ಉತ್ತರ ಇದು: "ಅದಕ್ಕೇನಂತೆ, ನೂರರಲ್ಲಿ ಇಪ್ಪತ್ತು ಹಿಡ್ಕೊಂಡು ಎಂಬತ್ತು ಕಳಿಸು."

ಲೆಕ್ಕ ಸರಿಯಾಗಿದೆ. ಸಿಟ್ಟು ಬರುವುದೇ ಅದಕ್ಕೆ. ಆ ಚೌಕ ಸೋತಿದ್ದರೆ ಆ ಇಪ್ಪತ್ತು ಎಲ್ಲಿರುತ್ತಿತ್ತು ಎನ್ನುವುದಕ್ಕೆ ಯಾವ ಲೆಕ್ಕವೂ ಇಲ್ಲ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅನ್ನುತ್ತಾರೆ. ಇಲ್ಲಿ ಕೊಡದೇ ಇರುವವನೇ ಈರಭದ್ರ. ಬಳಗದ ಗುಂಪಿನಲ್ಲಿ ಚರ್ಚೆ ಶುರುವಾಗಿ ಇನ್ನೂ ಮುಗಿದಿಲ್ಲ. ನಿಯಮ ಬರೆದಿಲ್ಲದಿದ್ದರೆ ನಿಯಮವೇ ಇಲ್ಲ ಎಂದು ವಕೀಲಿ ಓದಿದ ಇಬ್ಬರು ಹೇಳಿದ್ದಾರೆ. ಫೀಸು ಕೇಳಿಲ್ಲ, ಅದೇ ಪುಣ್ಯ.

ಚೌಕ ಒಂದನ್ನೇ ನಂಬಿದರೆ ನಿಧಿ ತುಂಬುವುದಿಲ್ಲ. ಉಳಿದದ್ದೆಲ್ಲ ವಿರಾಮದಲ್ಲಿ ಮಾರಬೇಕು. ಕಾಲೇಜು ಪಂದ್ಯದ ವಿರಾಮ ಇಪ್ಪತ್ತೇ ನಿಮಿಷ. ಮೊದಲ ಆರು ನಿಮಿಷ ಎಲ್ಲರೂ ಶೌಚಾಲಯದ ಸಾಲಿನಲ್ಲಿ, ಕೊನೆಯ ನಾಲ್ಕು ನಿಮಿಷ ಕಣ್ಣು ಮತ್ತೆ ಟೀವಿಯ ಮೇಲೆ. ನಡುವಿನ ಹತ್ತು ನಿಮಿಷದಲ್ಲಿ ಲಾಟರಿ ಚೀಟಿ, ಹರಾಜು, ಅಂಗಿ, ಸಿಹಿ ಎಲ್ಲ ಆಗಬೇಕು. ಜೋಡಿ ಚೀಟಿಯ ಸುರುಳಿ ತಂದರೆ ಒಂದರ್ಧ ಕೊಂಡವರ ಕೈಗೆ, ಇನ್ನೊಂದರ್ಧ ಡಬ್ಬಿಗೆ. ಪ್ರತಿ ಸಲ ಒಬ್ಬರಾದರೂ ಎರಡನ್ನೂ ಡಬ್ಬಿಗೆ ಹಾಕಿ, ಆಮೇಲೆ ಗೆದ್ದು, ಕೈಯಲ್ಲಿ ಸಾಕ್ಷಿ ಇಲ್ಲದೆ ಕೂಗಾಡುತ್ತಾರೆ. ಲಾಟರಿ ಚೀಟಿಯ ದುಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ಬೋರ್ಡು ಹಾಕಿದರೂ ರಸೀದಿ ಕೇಳುವವರು ಇದ್ದೇ ಇರುತ್ತಾರೆ. ಬೆಲೆ ಬರೆದು ಕೂಗುವ ಹರಾಜಿನ ಹಾಳೆಗಳನ್ನು ಮೂರನೇ ಕ್ವಾರ್ಟರಿನ ನಡುವೆ ಮುಚ್ಚಿಬಿಡಬೇಕು. ಪಂದ್ಯ ಮುಗಿಯಲಿ ಅಂತ ಕಾದರೆ, ಸೋತ ದಿನ ಕೂಗಿದವರೆಲ್ಲ ಹಿಂಬಾಗಿಲಿನಿಂದ ಕಾರು ಹತ್ತಿರುತ್ತಾರೆ.

ಅಂಗಿಯ ಕಥೆ ಚಿಕ್ಕದು. ವಿಶ್ವವಿದ್ಯಾಲಯದ ಲಾಂಛನವನ್ನು ಅಪ್ಪಣೆಯಿಲ್ಲದೆ ಅಚ್ಚು ಹಾಕಿಸುವಂತಿಲ್ಲ. ಸರಿ, ಬರೀ 'ದಿ' ಅಂತ ಹಾಕಿಸೋಣ, ನಮ್ಮವರು ಹೆಸರು ಹೇಳುವಾಗ 'ದಿ ಓಹಿಯೋ ಸ್ಟೇಟ್' ಎಂದು ಆ 'ದಿ'ಯನ್ನು ಒತ್ತಿ ಹೇಳುತ್ತಾರಲ್ಲ ಅಂದರೆ, 2022ರಲ್ಲಿ ಆ ಪದಕ್ಕೂ ಬಟ್ಟೆಬರೆಯ ಮಟ್ಟಿಗೆ ಟ್ರೇಡ್‌ಮಾರ್ಕ್ ಪಡೆದುಕೊಂಡಿದ್ದಾರೆ. ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲದ ಒಂದು ಪದ, ಅದಕ್ಕೂ ಬೇಲಿ. ಕೊನೆಗೆ ಖಾಲಿ ಕೆಂಪಂಗಿ ತರಿಸಿದೆವು. ಡಬಲ್ ಎಕ್ಸೆಲ್ ಹತ್ತು ನಿಮಿಷದಲ್ಲಿ ಖರ್ಚು, ಸ್ಮಾಲ್ ಹನ್ನೊಂದು ಇನ್ನೂ ಉಳಿದಿವೆ. ಬೇಕಾದವರು ಹೇಳಿ ಕಳಿಸಿ, ದುಡ್ಡು ಮೊದಲು.

ಸಿಹಿ ಮಾತ್ರ ಯಾವತ್ತೂ ಕೈಬಿಡುವುದಿಲ್ಲ, ಕರಗದಿದ್ದರೆ. ಬಕೈ ಎನ್ನುವುದು ಓಹಿಯೋದ ರಾಜ್ಯವೃಕ್ಷ, ತಂಡದ ಅಡ್ಡಹೆಸರೂ ಅದೇ. ಅದರ ಬೀಜ ಹೊಳೆಯುವ ಕಂದು ಬಣ್ಣದ್ದು, ಮೇಲೊಂದು ಮಾಸಲು ಬೊಟ್ಟು, ಗಂಡು ಜಿಂಕೆಯ ಕಣ್ಣಿನ ಹಾಗೆ. ಬೀಜ ವಿಷ. ಅದರ ವೇಷದ ಮಿಠಾಯಿ ಅಮೃತ. ಒಂದೂವರೆ ಕಪ್ ಪೀನಟ್ ಬಟರ್, ಅರ್ಧ ಕಪ್ ಬೆಣ್ಣೆ, ಒಂದು ಚಮಚ ವೆನಿಲಾ, ಸುಮಾರು 450 ಗ್ರಾಂ ಸಕ್ಕರೆ ಪುಡಿ ಕಲಸಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ಅರ್ಧ ಗಂಟೆ ಫ್ರೀಜರಿನಲ್ಲಿ ಇಡಬೇಕು. ಎಣ್ಣೆ ಮೇಲೆ ತೇಲುವ 'ನ್ಯಾಚುರಲ್' ಪೀನಟ್ ಬಟರ್ ತಂದರೆ ಉಂಡೆ ನಿಲ್ಲುವುದಿಲ್ಲ. 350 ಗ್ರಾಂ ಚಾಕಲೇಟ್ ಚಿಪ್ಸ್‌ಗೆ ಒಂದು ಚಮಚ ಡಾಲ್ಡಾದಂಥದ್ದು ಹಾಕಿ ಕರಗಿಸಿ, ಟೂತ್‌ಪಿಕ್ಕಿಗೆ ಉಂಡೆ ಚುಚ್ಚಿ, ನೆತ್ತಿ ಕಾಣುವಂತೆ ಅದ್ದಿ ತೆಗೆಯಬೇಕು. ಬೋಳುತಲೆಯ ಹಿರಿಯರೊಬ್ಬರು ಕುತ್ತಿಗೆವರೆಗೆ ಶಾಲು ಹೊದ್ದು ಕೂತ ಹಾಗೆ ಬರಬೇಕು. ಚಾಕಲೇಟಿಗೆ ಒಂದು ಹನಿ ನೀರು ಬಿದ್ದರೂ ಗಟ್ಟಿಯಾಗಿ ಮರಳಾಗುತ್ತದೆ. ಸೆಪ್ಟೆಂಬರಿನಲ್ಲಿ ಇಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಮಾಮೂಲು, ಚಾಕಲೇಟು 34ರ ಸುಮಾರಿಗೇ ಮೈ ಬಿಡುತ್ತದೆ. ಐಸ್ ಪೆಟ್ಟಿಗೆ ಬೇಕೇ ಬೇಕು, ಆದರೆ ಡಬ್ಬಿಯನ್ನು ಐಸಿನ ಮೇಲೆ ನೇರ ಇಟ್ಟರೆ ಬೆವರಿ ಶಾಲಿಗೆಲ್ಲ ಬೂದಿ ಬಳಿದ ಹಾಗಾಗುತ್ತದೆ, ನಡುವೆ ಟವೆಲ್ ಹಾಸಿ. ಕಡಲೆಕಾಯಿ ಇದೆ ಎಂಬ ಚೀಟಿ ಅಂಟಿಸುವುದನ್ನು ಮರೆಯಬೇಡಿ, ಅಲರ್ಜಿ ಇರುವವರ ಪ್ರಾಣದ ಪ್ರಶ್ನೆ.

ಈ ಸಿಹಿ ಮಾಡಿ ತರುವವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ದುಡ್ಡಿನ ಡಬ್ಬಿಯ ಪಕ್ಕ ಕೂರುತ್ತಾರೆ, ಆಟದ ಕಡೆ ಅಷ್ಟಾಗಿ ನೋಡುವುದಿಲ್ಲ. ಅವರ ಕೈಚೀಲದಲ್ಲಿ ಒಂದು ನಿಜವಾದ ಬಕೈ ಬೀಜ ಇದೆ. ಜೇಬಿನಲ್ಲಿಟ್ಟರೆ ಅದೃಷ್ಟ ಎಂದು ಓಹಿಯೋದ ಕಡೆ ನಂಬಿಕೆ. ತವರಿನ ಅಂಗಳದ ಮರದ್ದಂತೆ. ಈಗ ಆ ಮನೆಯೂ ಇಲ್ಲ, ಮರವೂ ಇಲ್ಲ. ಒಣಗಿ ಸುಕ್ಕಾಗಿದ್ದರೂ ತಿಕ್ಕಿ ತಿಕ್ಕಿ ಗಜ್ಜುಗದ ಹಾಗೆ ನುಣುಪಾಗಿದೆ. ಆಟ ಮುಗಿದು ಅಲ್ಲಿ ಆಟಗಾರರು ವಿಶ್ವವಿದ್ಯಾಲಯದ ಹಾಡಿಗೆ ನಿಂತಾಗ ಇಲ್ಲಿ ಬಾರಿನಲ್ಲಿ ಅವರೂ ಎದ್ದು ನಿಲ್ಲುತ್ತಾರೆ, ಗೆದ್ದರೂ ಸೋತರೂ, ಬೀಜ ಮುಷ್ಟಿಯಲ್ಲಿ. ಆ ಎರಡು ನಿಮಿಷ ಖಜಾಂಚಿಯೂ ಎಣಿಸುವುದನ್ನು ನಿಲ್ಲಿಸುತ್ತಾನೆ.

ಮತ್ತೆ ಎಣಿಸಲೇಬೇಕು. ನವೆಂಬರಿನ ಕೊನೆಯ ಶನಿವಾರ ಮಿಷಿಗನ್ ಜೊತೆ ಪಂದ್ಯ, ವರ್ಷದ ದೊಡ್ಡ ಜಾತ್ರೆ. ಆ ವಾರ ಕೊಲಂಬಸ್ಸಿನ ಕ್ಯಾಂಪಸ್ಸಿನಲ್ಲಿ ಬೋರ್ಡುಗಳ ಮೇಲಿನ 'ಎಂ' ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಕಾಟು ಹಾಕುತ್ತಾರೆ. ಶತ್ರುವಿನ ಮೊದಲ ಅಕ್ಷರವೂ ಬೇಡ. ನಮ್ಮ ಬಳಗದಲ್ಲೂ ಆ ವ್ರತ ಇದೆ. ಕನ್ನಡದಲ್ಲಿ ಪಾಲಿಸುವುದು ಕಷ್ಟ, 'ಮ' ಬಿಟ್ಟರೆ ಅಮ್ಮನನ್ನೂ ಕರೆಯುವ ಹಾಗಿಲ್ಲ. ಹೊಸ ಹಾಳೆ ಎಳೆದಾಗಿದೆ. ದುಡ್ಡು ಕೊಡದ ಚೌಕ ಬಳಗದ್ದು ಎಂಬ ಸಾಲು ಈ ಸಲ ಎಲ್ಲಕ್ಕಿಂತ ಮೇಲೆ, ಕೆಂಪು ಮಾರ್ಕರಿನಲ್ಲಿ, ಕನ್ನಡದಲ್ಲೂ ಇದೆ. ಅದರ ಫೋಟೋ ಗುಂಪಿಗೆ ಹಾಕಿ ಐದು ನಿಮಿಷ ಆಗಿಲ್ಲ, ಫೋನು ಕುಂಯ್ ಅಂದಿತು.

"ಗುರುವೇ, ಆ ಎಂಬತ್ತು ಕಳಿಸೋದು ಬೇಡ. ಷಿಗನ್ ಪಂದ್ಯಕ್ಕೆ ಎಂಟು ಚೌಕ ಬರ್ಕೊಂಡಿರು."